ಜಾಗ ಪಾಲಿಕೆಯದು, ಬೆಲೆಯೂ ಪಾಲಿಕೆಯದು

ಬ್ರೆಜಿಲ್‌ನ ಬೆಲೊ ಹಾರಿಜಾಂಟೆ ನಗರದಲ್ಲಿ ಪಾಲಿಕೆಯ ಜಾಗದಲ್ಲಿ ತರಕಾರಿ ಮಳಿಗೆ ಹಿಡಿಯುವ ವ್ಯಾಪಾರಿ ಕೆಲವು ಷರತ್ತಿಗೆ ಒಪ್ಪಬೇಕು. ಸುಮಾರು 20 ಬಗೆಯ ಹಣ್ಣು, ತರಕಾರಿ, ಗೆಡ್ಡೆಗಳನ್ನು ಪಾಲಿಕೆ ಗೊತ್ತುಮಾಡಿದ ದರಕ್ಕೇ ಮಾರಬೇಕು. ಆ ದರ ಪೇಟೆ ಬೆಲೆಯ ಮೂರರಲ್ಲಿ ಎರಡು ಪಾಲಿನ ಆಸುಪಾಸಿನಲ್ಲಿರುತ್ತದೆ. ಜನ ಹೆಚ್ಚು ಓಡಾಡುವ ಒಳ್ಳೆಯ ಜಾಗ ಸಿಕ್ಕಿದ್ದರೆ ಇನ್ನೊಂದು ಕೆಲಸವೂ ಸೇರುತ್ತದೆ. ವಾರದ ಕೊನೆಯಲ್ಲಿ ಲಾರಿಗೆ ತರಕಾರಿ ತುಂಬಿಕೊಂಡು ಊರಂಚಿನ ಬಡವರ ಬಡಾವಣೆಗಳಿಗೆ ಹೋಗಿ ಮಾರಿ ಬರಬೇಕು. ಆ 20 ಬಗೆ ಬಿಟ್ಟು ಮಿಕ್ಕ ಸಾಮಾನನ್ನು ಅವನು ಯಾವ ಬೆಲೆಗೆ ಮಾರಿದರೂ ಪಾಲಿಕೆ ಕೇಳುವುದಿಲ್ಲ.

ಮೂವತ್ತು ವರ್ಷಗಳಿಂದ ಜಗತ್ತಿನ ಬೇರೆ ಬೇರೆ ನಗರಗಳವರು ಈ ಊರಿಗೆ ಹೋಗಿ ನೋಡಿಕೊಂಡು ಬರುತ್ತಿರುವುದು ಈ ಬಗೆಯ ಏರ್ಪಾಡುಗಳನ್ನು. ಫುಟ್‌ಬಾಲ್ ನೋಡುವ ನಮ್ಮ ಓದುಗರಿಗೆ ಊರಿನ ಹೆಸರು ನೆನಪಿರಬಹುದು. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿಯೆದುರು ಬ್ರೆಜಿಲ್ 7-1ರಿಂದ ಸೋತದ್ದು ಇಲ್ಲೇ. ಅದೇ ವರ್ಷ ಆ ದೇಶದ ಹೆಸರು ವಿಶ್ವಸಂಸ್ಥೆಯ ಹಸಿವಿನ ನಕಾಶೆಯಿಂದ ಹೊರಬಿತ್ತು. ಸೋಲಿನ ಸುದ್ದಿ ನಮ್ಮ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಎರಡನೆಯ ಸುದ್ದಿ ಎಷ್ಟು ಜನರ ಕಣ್ಣಿಗೆ ಬಿತ್ತೋ.

ಬೆಲೊ ಹಾರಿಜಾಂಟೆ ಮಿನಾಸ್ ಜೆರಾಯಿಸ್ ರಾಜ್ಯದ ರಾಜಧಾನಿ. ಕಬ್ಬಿಣದ ಅದಿರಿನ ಬೆಟ್ಟಗಳ ಸೀಮೆ. ಸಂಡೂರು ಕಡೆಯವರಿಗೆ ಅಲ್ಲಿನ ಕೆಂಪು ಮಣ್ಣು ಹೊಸದೆನಿಸದು. ಮೊದಲೇ ನಕ್ಷೆ ಬರೆದು ಕಟ್ಟಿ, 1897ರಲ್ಲಿ ಉದ್ಘಾಟಿಸಿದ ಊರು ಇದು. ಚೌಕುಳಿಯಂತೆ ನೇರ ಬೀದಿಗಳು, ಅವನ್ನೆಲ್ಲ ಬಳಸಿಕೊಂಡು ಒಂದು ವರ್ತುಲ ರಸ್ತೆ. ರಸ್ತೆಯ ಒಳಗೆ ಅಧಿಕಾರಿಗಳು, ಉಳ್ಳವರು. ಕಲ್ಲು ಮಣ್ಣು ಹೊತ್ತು ಊರು ಕಟ್ಟಿದ ಕೂಲಿಗಳಿಗೆ ನಕ್ಷೆಯಲ್ಲಿ ಜಾಗವೇ ಇರಲಿಲ್ಲ. ಅವರು ರಸ್ತೆಯಾಚೆ, ಗುಡ್ಡದ ಇಳಿಜಾರುಗಳಲ್ಲಿ ಗೂಡು ಕಟ್ಟಿಕೊಂಡರು. ಅವರ ಮಕ್ಕಳು, ಮೊಮ್ಮಕ್ಕಳು, ಆಮೇಲೆ ಹಳ್ಳಿಗಳಿಂದ ಬಂದವರು ಎಲ್ಲ ಸೇರಿ ಅಲ್ಲಿ ಫವೇಲಾ ಎಂಬ ಕೊಳೆಗೇರಿಗಳು ಬೆಳೆದವು. ಇಂದು ನಗರದ ಜನಸಂಖ್ಯೆ 23 ಲಕ್ಷ ದಾಟಿದೆ.

ಅಂಥ ಗುಡ್ಡದ ಮೇಲೆ ತರಕಾರಿ ಸಿಗದಿರುವುದಕ್ಕೆ ಬಡತನವೊಂದೇ ಕಾರಣವಲ್ಲ. ದೊಡ್ಡ ಅಂಗಡಿ ದುಡ್ಡಿರುವ ಕಡೆ ತೆರೆಯುತ್ತದೆ. ಇಕ್ಕಟ್ಟಾದ, ಕಡಿದಾದ ದಾರಿಯಲ್ಲಿ ಲಾರಿ ಹತ್ತುವುದಿಲ್ಲ. ಅಲ್ಲಿರುವ ಚಿಲ್ಲರೆ ಅಂಗಡಿಯವನು ದಿನಕ್ಕಿಷ್ಟೇ ಎಂದು ತಂದು ಮಾರುವವನು, ಸಗಟು ದರ ಅವನಿಗೆ ದಕ್ಕುವುದಿಲ್ಲ. ಸೊಪ್ಪು, ಟೊಮೆಟೊ ಕೊಳೆತರೆ ನಷ್ಟ ಅವನ ತಲೆಗೇ. ಹಾಗಾಗಿ ಕೆಡದ ಸಾಮಾನನ್ನೇ ಇಡುತ್ತಾನೆ: ಬಿಸ್ಕತ್ತು, ಸಕ್ಕರೆ, ಎಣ್ಣೆ, ಪೊಟ್ಟಣದ ಕುರುಕಲು. ಕೊನೆಗೆ ಬಡವರೇ ಕಿಲೋಗೆ ಹೆಚ್ಚು ಕೊಟ್ಟು, ಅಷ್ಟು ಒಳ್ಳೆಯದಲ್ಲದ್ದನ್ನು ತಿನ್ನುತ್ತಾರೆ. ನಮ್ಮ ಊರುಗಳ ಕೊಳೆಗೇರಿಗಳಲ್ಲೂ ಲೆಕ್ಕ ಇದೇ.

1993ರ ಜನವರಿಯಲ್ಲಿ ಕಾರ್ಮಿಕರ ಪಕ್ಷದ ಪಾಟ್ರುಸ್ ಅನನಿಯಾಸ್ ಇಲ್ಲಿ ಮೇಯರ್ ಆದರು. ಬ್ರೆಜಿಲ್‌ನಲ್ಲಿ ಆಗ ಹಣದುಬ್ಬರ ವರ್ಷಕ್ಕೆ ಶೇ 2000 ದಾಟಿತ್ತು. ಬೆಳಿಗ್ಗೆಯ ಬೆಲೆ ಸಂಜೆಗೆ ಉಳಿಯುತ್ತಿರಲಿಲ್ಲ, ಸಂಬಳ ಬಂದ ದಿನವೇ ಜನ ಅಂಗಡಿಗೆ ಓಡುತ್ತಿದ್ದರು. ಈ ಊರಿನಲ್ಲಿ ಐದರಲ್ಲಿ ಒಂದು ಮಗು ಅರೆಹೊಟ್ಟೆಯಲ್ಲಿರುತ್ತಿತ್ತು. ಬೆಟಿನ್ಯೊ ಎಂದೇ ಜನ ಕರೆಯುತ್ತಿದ್ದ ಸಮಾಜಶಾಸ್ತ್ರಜ್ಞ ಹೆರ್ಬರ್ಟ್ ಡಿ ಸೋಜಾ ಅದೇ ವರ್ಷ ಹಸಿವಿನ ವಿರುದ್ಧ ದೇಶವ್ಯಾಪಿ ಆಂದೋಲನ ಹೂಡಿದ್ದರು. ಹಸಿವನ್ನು ಬರಗಾಲದ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳಲಾಗದು, ಅದು ಮನುಷ್ಯರೇ ಮಾಡಿದ ವ್ಯವಸ್ಥೆಯ ಫಲ ಎಂದು ರೆಸಿಫೆಯ ವೈದ್ಯ ಜೋಸುವೆ ಡಿ ಕಾಸ್ಟ್ರೊ 1946ರಲ್ಲೇ ಪುಸ್ತಕ ಬರೆದು ತೋರಿಸಿದ್ದರು. ನೆಲ ಹದವಾಗಿತ್ತು.

ಹೊಸ ಮೇಯರ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಆಹಾರ ಪೌರರ ಹಕ್ಕು, ಅದನ್ನು ಈಡೇರಿಸುವುದು ಪಾಲಿಕೆಯ ಹೊಣೆ ಎಂದು ಒಪ್ಪಿಕೊಂಡದ್ದು. ಆ ಜುಲೈನಲ್ಲಿ ಕಾನೂನು ತಂದು ಆಹಾರ ಪೂರೈಕೆಗೇ ಮೀಸಲಾದ ಒಂದು ಇಲಾಖೆ ತೆರೆದರು. ಕಾರ್ಮಿಕ ಸಂಘ, ವ್ಯಾಪಾರಿಗಳು, ಚರ್ಚು, ಸಾಮಾನ್ಯ ನಾಗರಿಕರು ಕೂಡಿದ 20 ಜನರ ಸಲಹಾ ಮಂಡಳಿಯೂ ಬಂತು. ಅಲ್ಲಿಯವರೆಗೆ ಶಾಲೆಯ ಊಟ ಒಂದು ಕಡೆ, ಸಂತೆ ಇನ್ನೊಂದು ಕಡೆ, ದಾನದ ಪೊಟ್ಟಣ ಮತ್ತೊಂದು ಕಡೆ ಎಂದು ಹರಿದು ಹಂಚಿಹೋಗಿದ್ದ ಕೆಲಸ ಒಂದೇ ಮೇಜಿಗೆ ಬಂತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಇದು. ಹಸಿವು ಯಾವ ಅಧಿಕಾರಿಯ ಖಾತೆ ಎಂದು ಕೇಳಿದರೆ ನಮ್ಮ ಯಾವ ನಗರಪಾಲಿಕೆಯಲ್ಲೂ ಬೊಟ್ಟು ಮಾಡಿ ತೋರಿಸಲು ಒಬ್ಬರು ಸಿಗುವುದಿಲ್ಲ.

ಮಳಿಗೆಗಳ ವಿಚಾರಕ್ಕೆ ಮರಳುವೆ. ಅಬಾಸ್ತೆಸೆರ್ ಎಂಬ ಹೆಸರಿನ ಈ ಅಂಗಡಿಗಳನ್ನು ನಡೆಸುವವರು ಖಾಸಗಿ ವ್ಯಾಪಾರಿಗಳೇ. ಪಾಲಿಕೆ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ, ಗೋದಾಮು ಕಟ್ಟಿಕೊಂಡು ಕೊಳೆತದ್ದಕ್ಕೆ ಲೆಕ್ಕ ಬರೆಯುವುದೂ ಇಲ್ಲ. ಅದರ ಕೈಯಲ್ಲಿರುವುದು ಒಂದೇ ಬಂಡವಾಳ: ನೆಲ. ಬಸ್ಸು ನಿಲ್ಲುವ, ಜನ ತುಳಿದಾಡುವ ಜಾಗ ಸಿಕ್ಕರೆ ವ್ಯಾಪಾರಿಗೆ ಗಿರಾಕಿ ತಾನಾಗಿಯೇ ಬರುತ್ತಾನೆ. ಅಗ್ಗದ 20 ಪದಾರ್ಥಗಳಿಗಾಗಿ ಬಂದವನು ಉಳಿದದ್ದನ್ನೂ ಅಲ್ಲೇ ಕೊಳ್ಳುತ್ತಾನೆ. ಕಿಲೋಗೆ ಲಾಭ ಕಡಿಮೆಯಾದರೂ ಮಾರಾಟ ಹೆಚ್ಚು. ಹೀಗೆ ವ್ಯಾಪಾರಿಗೂ ಗಿಟ್ಟುತ್ತದೆ, ಪಾಲಿಕೆಗೂ ಸಹಾಯಧನದ ಹೊರೆ ಬೀಳುವುದಿಲ್ಲ. ಅಗ್ಗದ ಪದಾರ್ಥಗಳಿಗೆಲ್ಲ ಕಿಲೋಗೆ ಒಂದೇ ದರವಾದ್ದರಿಂದ ಕೈಯಲ್ಲಿರುವ ಕಾಸಿಗೆ ಎಷ್ಟು ಬರುತ್ತದೆ ಎಂದು ಓದು ಬಾರದ ಮುದುಕಿಯೂ ಮನಸ್ಸಿನಲ್ಲೇ ಲೆಕ್ಕ ಹಾಕಬಹುದು. ವಾರಾಂತ್ಯದ ಲಾರಿಯ ಷರತ್ತಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿನ ನ್ಯಾಯವಿದೆ. ಊರ ನಡುವಿನ ಜಾಗದ ಲಾಭ ಊರಂಚಿನವರಿಗೂ ಸಲ್ಲಬೇಕು ಎಂಬ ನ್ಯಾಯ ಅದು.

ಸುತ್ತಲಿನ ಹಳ್ಳಿಗಳ ಸಣ್ಣ ರೈತರಿಗೆಂದು ಬೇರೆ ಕಟ್ಟೆಗಳಿವೆ. ದಲ್ಲಾಳಿಯಿಲ್ಲದೆ ಅವರೇ ನಗರದ ಗೊತ್ತಾದ ಜಾಗಗಳಲ್ಲಿ ಕೂತು ಮಾರಬಹುದು. ಆ ಸೀಮೆಯ ಅಡುಗೆ ಗೊತ್ತಾದರೆ ಏನೇನು ಬರುತ್ತದೆಂದು ಊಹಿಸುವುದು ಸುಲಭ. ಬೆಂಡೆಕಾಯಿ ಹಾಕಿದ ಕೋಳಿ ಅವರ ಹೆಮ್ಮೆಯ ಅಡುಗೆ. ಜೊತೆಗೆ ಮೆಕ್ಕೆಜೋಳದ ಹಿಟ್ಟನ್ನು ತೊಳಸಿ ಮಾಡಿದ, ನಮ್ಮ ಮುದ್ದೆಯ ತಮ್ಮನಂಥ ಅಂಗು. ಸೀಮೆಬದನೆ, ಮರಗೆಣಸು, ಸಣ್ಣಗೆ ಹೆಚ್ಚಿ ಬಾಡಿಸಿದ ಕೋಸಿನ ಜಾತಿಯ ಸೊಪ್ಪು ಅವರ ದಿನದ ಊಟದಲ್ಲೇ ಇವೆ. ಬಡವರಿಗೆ ಪೌಷ್ಟಿಕ ಆಹಾರದ ಪಾಠ ಹೇಳುವ ಅಗತ್ಯ ಇರಲಿಲ್ಲ. ಅವರಿಗೆ ತಿನ್ನಲು ಗೊತ್ತಿತ್ತು, ಕೊಳ್ಳಲು ಆಗುತ್ತಿರಲಿಲ್ಲ.

ಬೆಲೆಯ ಗುಟ್ಟನ್ನೂ ಪಾಲಿಕೆ ಒಡೆದು ಹಾಕಿತು. ವಿಶ್ವವಿದ್ಯಾಲಯದ ಸಂಶೋಧಕರು ಹತ್ತಾರು ಸೂಪರ್‌ಮಾರ್ಕೆಟ್‌ಗಳನ್ನು ಸುತ್ತಿ 45 ದಿನಬಳಕೆಯ ಸಾಮಾನುಗಳ ಬೆಲೆ ಬರೆದುಕೊಂಡು ಬರುತ್ತಿದ್ದರು. ಯಾವ ಅಂಗಡಿಯಲ್ಲಿ ಯಾವುದು ಅಗ್ಗ ಎಂಬ ಪಟ್ಟಿ ಬಸ್‌ನಿಲ್ದಾಣಗಳಲ್ಲಿ ಅಂಟುತ್ತಿತ್ತು, ರೇಡಿಯೋದಲ್ಲಿ, ಪತ್ರಿಕೆಗಳಲ್ಲಿ ಬರುತ್ತಿತ್ತು. ಬೆಲೆ ದಿನಕ್ಕೊಂದು ಬಗೆಯಾಗುತ್ತಿದ್ದ ಕಾಲದಲ್ಲಿ ಇದೆಷ್ಟು ದೊಡ್ಡ ಉಪಕಾರವೆಂದು ಬಿಡಿಸಿ ಹೇಳಬೇಕಿಲ್ಲ. ಯಾರ ಮೇಲೂ ದಂಡ ಹಾಕದೆ, ಬರೀ ಬೆಲೆ ಬಯಲು ಮಾಡಿಯೇ ಅಂಗಡಿಗಳವರನ್ನು ಪೈಪೋಟಿಗೆ ಇಳಿಸುವ ಉಪಾಯ.

ಇನ್ನು ಪಾಲಿಕೆಯ ಊಟದ ಮನೆ. ಜನತಾ ಉಪಾಹಾರ ಗೃಹ ಎನ್ನಬಹುದಾದ ರೆಸ್ಟೊರಾಂಟೆ ಪೊಪುಲಾರ್‌ಗಳಲ್ಲಿ ಮೊದಲನೆಯದು 1994ರಲ್ಲಿ ಬಸ್‌ನಿಲ್ದಾಣದ ಪಕ್ಕದಲ್ಲೇ ತೆರೆಯಿತು. ಈಗ ಅದಕ್ಕೆ ಬೆಟಿನ್ಯೊ ಹೆಸರಿದೆ. ತಟ್ಟೆಯಲ್ಲಿ ಅನ್ನ, ಬೀನ್ಸ್ ಕಾಳಿನ ಗಟ್ಟಿ ಸಾರು, ಮಾಂಸ, ಬೇಯಿಸಿದ ತರಕಾರಿ, ಹಸಿ ತರಕಾರಿ, ಕೊನೆಗೊಂದು ಹಣ್ಣು. 2009ರ ಸುಮಾರಿಗೆ ಇಂಥ ಊಟದ ಮನೆಗಳಲ್ಲಿ ದಿನಕ್ಕೆ 12 ಸಾವಿರಕ್ಕೂ ಹೆಚ್ಚು ಜನ ಉಣ್ಣುತ್ತಿದ್ದರು. ಊಟಕ್ಕೆ ಆಗ ಅರ್ಧ ಡಾಲರಿಗೂ ಕಡಿಮೆ. ನೀನು ಬಡವನೋ, ಕಾರ್ಡು ಎಲ್ಲಿ ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಗುಮಾಸ್ತ, ಪಿಂಚಣಿದಾರ, ವಿದ್ಯಾರ್ಥಿ, ಕಟ್ಟಡದ ಕೂಲಿ, ಎಳೆಗೂಸಿನ ತಾಯಿ ಎಲ್ಲರಿಗೂ ಒಂದೇ ಸಾಲು, ಒಂದೇ ತಟ್ಟೆ. ಸರ್ಕಾರದ ಬೋಲ್ಸಾ ಫಮಿಲಿಯಾ ನೆರವು ಪಡೆಯುವವರಿಗೆ ಅರ್ಧ ಬೆಲೆ, ಬೀದಿಯಲ್ಲೇ ಮಲಗುವವರಿಗೆ ಪುಕ್ಕಟೆ ಎಂಬ ರಿಯಾಯಿತಿಗಳು ಆಮೇಲೆ ಬಂದವು. ಬರುವವರಲ್ಲಿ ಬಡವರೇ ಹೆಚ್ಚು, ಆದರೆ ಅಲ್ಲಿಗೆ ಹೋದವನೆಲ್ಲ ಬಡವ ಎಂದು ಯಾರೂ ಬೆರಳು ತೋರಿಸಲಾರರು. ಹಸಿದವನ ಮಾನ ಉಳಿಸುವುದಕ್ಕೆ ಇದಕ್ಕಿಂತ ಸರಳ ದಾರಿ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಮಕ್ಕಳ ಪಾಲಿಗೆ ಇನ್ನೊಂದು ಪ್ರಯೋಗ ನಡೆಯಿತು. ಬಿಸಾಡುತ್ತಿದ್ದ ಮೊಟ್ಟೆಯ ಚಿಪ್ಪು, ಮರಗೆಣಸಿನ ಎಲೆಗಳನ್ನು ಪುಡಿಮಾಡಿ ಹಿಟ್ಟಿಗೆ ಬೆರೆಸಿ ಶಾಲೆಯ ಮಕ್ಕಳ ದಿನದ ಬ್ರೆಡ್ಡಿಗೆ ಸೇರಿಸಿದರು. ಅಲ್ಲಿನ ಜನರೂ ಮೊದಲು ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ.

ಖರ್ಚು ಎಷ್ಟು ಎಂಬ ಪ್ರಶ್ನೆ ಸಹಜ. ಎಲ್ಲ ಸೇರಿ ವರ್ಷಕ್ಕೆ ಸುಮಾರು ಒಂದು ಕೋಟಿ ಡಾಲರ್, ಪಾಲಿಕೆಯ ಬಜೆಟ್ಟಿನ ಶೇ 2ಕ್ಕಿಂತ ಕಡಿಮೆ. ಫಲ? ಹತ್ತು-ಹನ್ನೆರಡು ವರ್ಷಗಳಲ್ಲಿ ಊರಿನ ಶಿಶುಮರಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅದಕ್ಕೆ ಆಸ್ಪತ್ರೆ, ಲಸಿಕೆ, ನೀರು ಎಲ್ಲವೂ ಕಾರಣ. ಊಟವೊಂದಕ್ಕೇ ಕೀರ್ತಿ ಕಟ್ಟುವುದು ಸರಿಯಲ್ಲ. ಆದರೆ ಊಟವಿಲ್ಲದೆ ಉಳಿದವು ಅಷ್ಟು ದೂರ ಸಾಗುತ್ತಿರಲಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ವರ್ಲ್ಡ್ ಫ್ಯೂಚರ್ ಕೌನ್ಸಿಲ್ 2009ರಲ್ಲಿ ತನ್ನ ಫ್ಯೂಚರ್ ಪಾಲಿಸಿ ಪ್ರಶಸ್ತಿಯನ್ನು ಈ ನಗರಕ್ಕೆ ಕೊಟ್ಟಿತು.

ಕೊರತೆಗಳು ಇಲ್ಲದಿಲ್ಲ. ಊಟದ ಮನೆಗಳು ಹೆಚ್ಚಾಗಿ ಜನನಿಬಿಡ ಜಾಗಗಳಲ್ಲಿರುವುದರಿಂದ ಗುಡ್ಡದ ಮೇಲಿನ ಮುದುಕರಿಗೆ ಊಟದ ಬೆಲೆಗಿಂತ ಬಸ್ಸಿನ ದುಡ್ಡೇ ಭಾರ. ರೈತರ ಕಟ್ಟೆಗಳ ಸಂಖ್ಯೆ ಕೆಲವು ಡಜನ್ ದಾಟಲಿಲ್ಲ. ಕೊಳ್ಳುವವನಿಗೆ ಆದಷ್ಟು ಉಪಕಾರ ಬೆಳೆಯುವವನಿಗೆ ಆಗಲಿಲ್ಲ ಎಂಬ ಮಾತು ಈ ಯೋಜನೆಯನ್ನು ಅಭ್ಯಾಸ ಮಾಡಿದವರದೇ. ನಡುವೆ ಇಲಾಖೆಯ ದರ್ಜೆ ಕುಗ್ಗಿದ್ದೂ ಉಂಟು. ಆದರೂ ಬೇರೆ ಬೇರೆ ಪಕ್ಷಗಳ ಮೇಯರುಗಳು ಬಂದು ಹೋದರು, ಯಾರೂ ಊಟದ ಮನೆಯ ಬಾಗಿಲು ಮುಚ್ಚುವ ಧೈರ್ಯ ಮಾಡಲಿಲ್ಲ. ಅಲ್ಲಿ ಉಣ್ಣುವವರು ಒಂದು ಪಕ್ಷದವರಾಗಿರಲಿಲ್ಲ.

ಈ ಊರಿನಲ್ಲಿ ಕಲಿತದ್ದು ದೇಶದ ರಾಜಧಾನಿಯಾದ ಬ್ರೆಸಿಲಿಯಾವನ್ನೂ ಮುಟ್ಟಿತು. ಲೂಲಾ ಅಧ್ಯಕ್ಷರಾಗಿ 2003ರಲ್ಲಿ ಶೂನ್ಯ ಹಸಿವಿನ ಯೋಜನೆ ಶುರುವಾಯಿತು. ಮರುವರ್ಷ ಪಾಟ್ರುಸ್ ಅನನಿಯಾಸ್ ಸಮಾಜಾಭಿವೃದ್ಧಿ ಮಂತ್ರಿಯಾದರು. ಶಾಲೆಯ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30ನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಬಳಸಬೇಕೆಂದು 2009ರಲ್ಲಿ ಕಾನೂನು ಬಂತು. 2010ರಲ್ಲಿ ಆಹಾರದ ಹಕ್ಕು ಸಂವಿಧಾನಕ್ಕೇ ಸೇರಿತು. ಮುಂದೆ ಸರ್ಕಾರ ಬದಲಾಗಿ 2019ರಲ್ಲಿ ರಾಷ್ಟ್ರೀಯ ಆಹಾರ ಮಂಡಳಿಯನ್ನು ರದ್ದು ಮಾಡಿದರು. ದೇಶ ಮತ್ತೆ ಹಸಿವಿನ ನಕಾಶೆಗೆ ಬಿತ್ತು, 2025ರಲ್ಲಿ ಮತ್ತೆ ಹೊರಬಂತು. ದೊಡ್ಡ ಸರ್ಕಾರಗಳ ಈ ಏಳುಬೀಳಿನ ನಡುವೆಯೂ ಬೆಲೊ ಹಾರಿಜಾಂಟೆಯ ಊಟದ ಮನೆಗಳ ಒಲೆ ಆರಲಿಲ್ಲ.

ನಮ್ಮಲ್ಲಿ ಏನಿದೆ ಎಂದು ನೋಡಿದರೆ ಕೈ ಖಾಲಿಯಿಲ್ಲ. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು, ಯಾವ ಕಾರ್ಡೂ ಕೇಳದೆ ಬಡಿಸಿತು. ಪೌರಕಾರ್ಮಿಕರು, ಆಟೋದವರು, ಗಾರೆ ಕೆಲಸದವರು ಅಲ್ಲಿ ತಲೆಯೆತ್ತಿ ನಿಂತು ಉಣ್ಣುತ್ತಾರೆ. ಅದನ್ನು ಯಾವ ಸರ್ಕಾರ ಬಂದರೂ ಉಳಿಸಿಕೊಳ್ಳಬೇಕು. ತೋಟಗಾರಿಕೆ ಬೆಳೆಗಾರರದೇ ಸಹಕಾರ ಸಂಘವಾದ ಹಾಪ್‌ಕಾಮ್ಸ್ ಬೇರು 1959ರಷ್ಟು ಹಿಂದಿನದು. ಅನ್ನಭಾಗ್ಯದಿಂದ ಮನೆಗೆ ಅಕ್ಕಿ ಬರುತ್ತದೆ. ಅಕ್ಕಿಯ ಜೊತೆ ಕುದಿಯಬೇಕಾದ ಸೊಪ್ಪು, ಹುಳಿಗೆ ಬೀಳಬೇಕಾದ ತರಕಾರಿ, ಮಗುವಿನ ಕೈಗೊಂದು ಹಣ್ಣು, ಇವು ಮಾತ್ರ ಕೊಳೆಗೇರಿಯ ಮನೆಗೆ ತಳ್ಳುಗಾಡಿಯವರ ಕೃಪೆಯಿಂದಲೇ ತಲುಪಬೇಕು. ಆ ತಳ್ಳುಗಾಡಿಯವರನ್ನೂ ನಾವು ಬೀದಿಯಿಂದ ಬೀದಿಗೆ ಓಡಿಸುತ್ತೇವೆ.

ನಮ್ಮ ಪಾಲಿಕೆ, ಪುರಸಭೆಗಳಿಗೂ ನೆಲವಿದೆ. ಬಸ್‌ನಿಲ್ದಾಣದ ಪಕ್ಕದ ಮಳಿಗೆ ಸಾಲುಗಳು, ಮಾರುಕಟ್ಟೆ ಸಂಕೀರ್ಣಗಳು, ಸಂತೆ ಮೈದಾನಗಳು ಎಲ್ಲ ಊರಲ್ಲೂ ಇವೆ. ಅವನ್ನು ಹರಾಜು ಹಾಕುವಾಗ ನಾವು ಕೇಳುವುದು ಒಂದೇ ಪ್ರಶ್ನೆ: ಹೆಚ್ಚು ಬಾಡಿಗೆ ಯಾರು ಕೊಡುತ್ತಾರೆ? ಹೆಚ್ಚು ಬಾಡಿಗೆ ಕೊಟ್ಟವನು ಅದನ್ನು ಗಿರಾಕಿಯಿಂದಲೇ ವಸೂಲು ಮಾಡುತ್ತಾನೆ. ಹರಾಜಿನ ಕರಾರಿನಲ್ಲಿ ಎರಡು ಸಾಲು ಸೇರಿಸಲು ಹೊಸ ಇಲಾಖೆ ಬೇಡ, ಹೊಸ ಬಜೆಟ್ಟೂ ಬೇಡ. ಹತ್ತಿಪ್ಪತ್ತು ತರಕಾರಿಗಳನ್ನು ಪಾಲಿಕೆಯ ದರಕ್ಕೆ ಮಾರತಕ್ಕದ್ದು, ವಾರಕ್ಕೊಂದು ದಿನ ಗೊತ್ತಾದ ಕಾಲೊನಿಗೆ ಗಾಡಿ ಕಳಿಸತಕ್ಕದ್ದು ಎಂದು ಬರೆದರೆ ಸಾಕು. ಆದರೆ ಬರೆದದ್ದನ್ನು ನಡೆಸುವ ಅಧಿಕಾರಿಯೊಬ್ಬರು ಬೇಕು. ನಿಮ್ಮ ಊರಿನಲ್ಲಿ ಮಳಿಗೆಗಳ ಹರಾಜು ಪ್ರಕಟಣೆ ಬಂದಾಗ ನಿಮ್ಮ ವಾರ್ಡಿನ ಸದಸ್ಯರನ್ನು ಹಿಡಿದು ಈ ಎರಡು ಸಾಲಿನ ಬಗ್ಗೆ ಕೇಳಿ, ಸಾಮಾನ್ಯ ಸಭೆಯ ಮುಂದೆ ಇಡಿಸಿ.