ಕವಡೆ ಎಸೆಯುವ ಬಟನ್

ಚೌಕಾಬಾರ ಆಡಲು ಹೆಚ್ಚೇನೂ ಬೇಕಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಪ್ಪತ್ತೈದು ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಎಸೆಯಲು ನಾಲ್ಕು ಕವಡೆ. ಕಾಯಿಗೆ ಬಳೆಚೂರಾದರೂ ಆದೀತು, ಹುಣಸೆಬೀಜವಾದರೂ ಆದೀತು. ಹುಡುಕಿದಾಗ ಸಿಗದೆ ಹೋಗುವುದು ಕವಡೆಯೇ. ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಕವಡೆಯ ಬದಲು ಎಸೆಯುವುದು ಹಳೆಯ ಉಪಾಯ. ಈಚೆಗೆ ಪೈಥಾನ್ ಕಲಿಯಲು ಕೂತವರಿಗೆ ಹೊಳೆಯುವುದು ಇನ್ನೊಂದು: ನಾಲ್ಕು ಸಾಲಿನ ಪ್ರೋಗ್ರಾಮ್ ಬರೆದರೆ ಸಾಲದೆ?

ಸಾಲುತ್ತದೆ, ಬರೆದವರಿಗೆ ಮಾತ್ರ. ಕಪ್ಪು ಪರದೆ ತೆರೆದು, ಫೈಲಿನ ಹೆಸರು ಟೈಪ್ ಮಾಡಿ, ಎಂಟರ್ ಒತ್ತಿದರೆ ಒಂದು ಅಂಕಿ ಮೂಡುತ್ತದೆ. ಮುಂದಿನ ಸರದಿಗೆ ಮತ್ತೆ ಅದೇ ಪೂಜೆ. ಅಜ್ಜಿಯೂ ಆಟಕ್ಕೆ ಕೂರಬೇಕೆಂದರೆ ಪರದೆಯ ಮೇಲೆ ಒತ್ತುವಂಥದ್ದೊಂದು ಬೇಕು. ಹವ್ಯಾಸಿ ಪ್ರೋಗ್ರಾಮರ್ ಒಬ್ಬನಿಗೆ ಮೊದಲ ಸಲ ಬಟನ್ ಬೇಕಾಗುವುದು ಹೀಗೆಯೇ. ತನಗಾಗಿ ಬರೆದದ್ದನ್ನು ಇನ್ನೊಬ್ಬರ ಕೈಗೆ ಕೊಡುವ ಹೊತ್ತಿಗೆ.

ಪೈಥಾನ್‌ನಲ್ಲಿ ಇದಕ್ಕೆ ತೀರ ಹತ್ತಿರದ ದಾರಿಯ ಹೆಸರು ಟಿಕಿಂಟರ್. ಟಿಕೆ ಇಂಟರ್‌ಫೇಸ್ ಎಂಬುದರ ಮೊಟಕು ರೂಪ ಅದು. ವಿಂಡೋಸ್‌ನಲ್ಲಿ ಪೈಥಾನ್ ಜೊತೆಗೇ ಬರುತ್ತದೆ. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಪುಟ್ಟ ಪ್ಯಾಕೇಜೊಂದನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗುತ್ತದೆ. ಇದರ ಹಿಂದಿರುವ ಟಿಕೆ ಪೈಥಾನ್‌ಗಾಗಿ ಹುಟ್ಟಿದ್ದಲ್ಲ. ಜಾನ್ ಔಸ್ಟರ್‌ಹೌಟ್ ಎಂಬವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾಗ 1988ರಲ್ಲಿ ಟಿಕಲ್ ಎಂಬ ಚಿಕ್ಕ ಭಾಷೆ ರೂಪಿಸಿದರು. ಅದಕ್ಕೆ ಕಿಟಕಿ, ಬಟನ್, ಮೆನು ಒದಗಿಸಲು ಬಂದದ್ದು ಟಿಕೆ. ಇಂದಿಗೂ ಪೈಥಾನ್‌ನಲ್ಲಿ ಬಟನ್ ಇಟ್ಟಾಗ ಒಳಗೆ ಟಿಕಲ್‌ನ ಎಂಜಿನ್ನೇ ಓಡುತ್ತಿರುತ್ತದೆ. ನೋಟ ಹಳೆಯ ಕಾಲದ್ದು, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಕವಡೆ ಎಸೆಯಲು ಕನ್ನಡಿಯಂಥ ಹೊಳಪು ಯಾಕೆ?

ಕೆಲಸಕ್ಕೆ ಬೇಕಾದದ್ದು ಮೂರೇ ವಸ್ತು. ಒಂದು ಕಿಟಕಿ, ಅಂಕಿ ತೋರಿಸಲು ಒಂದು ಲೇಬಲ್, ಒತ್ತಲು ಒಂದು ಬಟನ್. ಬಟನ್ ತಯಾರಿಸುವಾಗ ಅದರ ಮೇಲೇನು ಬರೆದಿರಬೇಕು, ಒತ್ತಿದಾಗ ಯಾವ ಫಂಕ್ಷನ್ ನಡೆಯಬೇಕು ಎಂಬ ಎರಡು ಸಂಗತಿ ಹೇಳಿದರೆ ಮುಗಿಯಿತು. ತಯಾರಿಸಿದ ಮೇಲೆ ಅದನ್ನು ಕಿಟಕಿಯೊಳಗೆ ಕೂರಿಸಲು ಇನ್ನೊಂದು ಸಾಲು ಬೇಕು. ಆ ಸಾಲು ಮರೆತರೆ ಬಟನ್ ಇದ್ದೂ ಕಾಣುವುದಿಲ್ಲ, ತಪ್ಪಿನ ಸಂದೇಶವೂ ಬರುವುದಿಲ್ಲ. ಹೊಸಬರ ಮೊದಲ ಅರ್ಧ ಗಂಟೆ ಇಲ್ಲೇ ಕಳೆಯುವುದುಂಟು.

ಕೊನೆಯ ಸಾಲು ಮೇನ್‌ಲೂಪ್. ನೋಡಲು ಸಣ್ಣದು, ಆದರೆ ಇಡೀ ವಿಷಯ ಅಡಗಿರುವುದು ಇದರಲ್ಲೇ. ಅಲ್ಲಿಯವರೆಗೆ ಕಲಿತ ಪ್ರೋಗ್ರಾಮ್‌ಗಳೆಲ್ಲ ಜನಗಣತಿಗೆ ಬಂದವರ ಹಾಗೆ. ಹೆಸರೇನು, ವಯಸ್ಸೆಷ್ಟು ಎಂದು ತಮ್ಮದೇ ಕ್ರಮದಲ್ಲಿ ಕೇಳುತ್ತ ಹೋಗುತ್ತವೆ. ಉತ್ತರ ಕೊಡುವವರು ಆ ಕ್ರಮಕ್ಕೆ ಒಗ್ಗಬೇಕು. ಬಟನ್ ಇರುವ ಪ್ರೋಗ್ರಾಮ್ ಕಿರಾಣಿ ಅಂಗಡಿಯವನ ಹಾಗೆ. ಬಾಗಿಲು ತೆರೆದು ಕೂತಿರುತ್ತಾನೆ. ಯಾರು ಬರುತ್ತಾರೆ, ಏನು ಕೇಳುತ್ತಾರೆ, ಅವನಿಗೆ ಗೊತ್ತಿಲ್ಲ. ಕೇಳಿದಾಗ ಕೊಡುತ್ತಾನೆ, ಮತ್ತೆ ಕಾಯುತ್ತಾನೆ. ಮೇನ್‌ಲೂಪ್ ಎಂದರೆ ಅಂಗಡಿ ತೆರೆದು ಕೂರುವುದು. ಮೌಸ್ ಅಲುಗಿತೇ, ಕೀಲಿ ಒತ್ತಿದರೇ, ಕಿಟಕಿ ಹಿಗ್ಗಿತೇ ಎಂದು ಕಾಯುವುದು, ಬಂದದ್ದನ್ನು ಸಂಬಂಧಪಟ್ಟ ಫಂಕ್ಷನ್‌ಗೆ ದಾಟಿಸುವುದು, ಇಷ್ಟೇ ಅದರ ಕೆಲಸ. ಮುಂದೆ ಏನಾಗಬೇಕೆಂಬ ತೀರ್ಮಾನ ಬರೆದವರ ಕೈಯಿಂದ ಒತ್ತುವವರ ಬೆರಳಿಗೆ ಹೋಗಿರುತ್ತದೆ.

ಇದು ಮನಸ್ಸಿಗೆ ಇಳಿಯದಿದ್ದರೆ ಏನಾಗುತ್ತದೆಂದು ತೋರಿಸಲು ಒಂದು ಪ್ರಸಿದ್ಧ ತಪ್ಪಿದೆ. ಬಟನ್‌ಗೆ ಫಂಕ್ಷನ್ ಹೆಸರು ಕೊಡುವಾಗ ಅಭ್ಯಾಸಬಲದಿಂದ ಮುಂದೆ ಆವರಣ ಚಿಹ್ನೆ ಹಾಕಿಬಿಡುವುದು. ಆಗ ಕಿಟಕಿ ತೆರೆಯುವ ಮೊದಲೇ ಕವಡೆ ಒಮ್ಮೆ ಬೀಳುತ್ತದೆ; ಆಮೇಲೆ ಎಷ್ಟು ಒತ್ತಿದರೂ ಬಟನ್ ಮಿಸುಕುವುದಿಲ್ಲ. ಆವರಣ ಚಿಹ್ನೆ ಎಂದರೆ ‘ಈಗಲೇ ಮಾಡು’ ಎಂದರ್ಥ. ಬಟನ್‌ಗೆ ಬೇಕಾದದ್ದು ಒತ್ತಿದಾಗ ಕರೆಯಲು ಒಂದು ಹೆಸರು. ವೈದ್ಯರ ಫೋನ್ ನಂಬರ್ ಬರೆದುಕೊಡಿ ಎಂದರೆ ಆಗಲೇ ಅವರಿಗೆ ಫೋನ್ ಮಾಡಿ ಮಾತಾಡಿ ಇಟ್ಟ ಹಾಗೆ.

ಎರಡನೆಯ ಎಡವಟ್ಟು ಆಸೆಯಿಂದ ಬರುತ್ತದೆ. ಕವಡೆ ಬಿದ್ದ ತಕ್ಷಣ ಅಂಕಿ ಮೂಡಿದರೆ ಮಜವೇನು, ಒಂದೆರಡು ಸೆಕೆಂಡ್ ಕುಲುಕಬೇಡವೇ? ಪೈಥಾನ್‌ನಲ್ಲಿ ಸ್ಲೀಪ್ ಎಂಬ ಆಜ್ಞೆಯಿದೆ, ಹೇಳಿದಷ್ಟು ಹೊತ್ತು ಮಲಗುತ್ತದೆ. ಅದನ್ನು ಫಂಕ್ಷನ್‌ನೊಳಗೆ ಹಾಕಿದರೆ ಮಲಗುವುದು ಅಂಗಡಿಯವನೇ. ಒತ್ತಿದ ಬಟನ್ ಒತ್ತಿದ ಹಾಗೇ ಉಳಿಯುತ್ತದೆ, ಕಿಟಕಿ ಮುಚ್ಚಲೂ ಬರುವುದಿಲ್ಲ. ಹೊತ್ತು ಹೆಚ್ಚಾದರೆ ಪ್ರೋಗ್ರಾಮ್ ಉತ್ತರಿಸುತ್ತಿಲ್ಲವೆಂದು ವಿಂಡೋಸ್ ದೂರು ಹೇಳುತ್ತದೆ. ಮದ್ದು ‘ಆಫ್ಟರ್’ ಎಂಬ ಸೌಲಭ್ಯ. ‘ನೂರು ಮಿಲಿಸೆಕೆಂಡ್ ಆದ ಮೇಲೆ ಈ ಫಂಕ್ಷನ್ ಕರೆ’ ಎಂದು ಚೀಟಿ ಕೊಟ್ಟು ಬಿಟ್ಟರೆ ಅಂಗಡಿಯವನು ನಡುವೆ ಬೇರೆ ಗಿರಾಕಿಗಳನ್ನು ನೋಡಿಕೊಳ್ಳುತ್ತಾನೆ. ಹತ್ತು ಸಲ ಹೀಗೆ ಚೀಟಿ ಕೊಟ್ಟು ಪ್ರತಿ ಸಲವೂ ಸುಮ್ಮನೆ ಒಂದು ಅಂಕಿ ತೋರಿಸಿದರೆ ಕುಲುಕಿದ ಹಾಗೇ ಕಾಣುತ್ತದೆ. ಕುಲುಕುತ್ತಿರುವಾಗ ಇನ್ನೊಮ್ಮೆ ಒತ್ತದಂತೆ ಬಟನ್ ಅನ್ನು ಮಂಕಾಗಿಸಿ ಇಡುವುದನ್ನು ಮರೆಯಬಾರದು. ಮಕ್ಕಳಿರುವ ಮನೆಯಲ್ಲಂತೂ.

ಇನ್ನು ಕೆಂಪು, ಹಸಿರು, ಹಳದಿ, ನೀಲಿ ಎಂದು ನಾಲ್ವರು ಆಟಗಾರರಿಗೆ ನಾಲ್ಕು ಬಟನ್ ಬೇಕೆನಿಸಿ, ಒಂದು ಲೂಪ್ ಬರೆದು ಒಟ್ಟಿಗೆ ತಯಾರಿಸಿದರೆ ಮೂರನೆಯ ಅಚ್ಚರಿ ಎದುರಾಗುತ್ತದೆ. ಯಾವುದನ್ನು ಒತ್ತಿದರೂ ‘ನೀಲಿ’ಯ ಸರದಿಯೇ! ಬಟನ್ ಜೊತೆ ಇಟ್ಟ ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್, ಬಣ್ಣದ ಹೆಸರನ್ನು ಆಗಲೇ ನಕಲು ಮಾಡಿಕೊಂಡಿರುವುದಿಲ್ಲ. ಒತ್ತಿದ ಗಳಿಗೆಯಲ್ಲಿ ಹೋಗಿ ಓದುತ್ತದೆ. ಅಷ್ಟರಲ್ಲಿ ಲೂಪ್ ಮುಗಿದು ಅಲ್ಲಿ ಉಳಿದಿರುವುದು ಕೊನೆಯ ಬಣ್ಣ. ತಯಾರಿಸುವಾಗಲೇ ಬಣ್ಣವನ್ನು ಡೀಫಾಲ್ಟ್ ಬೆಲೆಯಾಗಿ ಕಟ್ಟಿಕೊಟ್ಟರೆ ಸರಿಹೋಗುತ್ತದೆ. ಟಿಕಿಂಟರ್‌ನ ದೋಷ ಇದಲ್ಲ, ಪೈಥಾನ್‌ನ ಸ್ವಭಾವ. ಬೆಳಕಿಗೆ ಬರುವುದು ಮಾತ್ರ ಹೆಚ್ಚಾಗಿ ಬಟನ್‌ಗಳಿಂದ.

ಬಟನ್ ಒತ್ತುವ ಕ್ರಿಯೆಯನ್ನೇ ಒಮ್ಮೆ ಗಮನವಿಟ್ಟು ನೋಡಬೇಕು. ಮೌಸ್ ಒತ್ತಿ ಹಿಡಿದಾಗ ಬಟನ್ ಒಳಕ್ಕೆ ಕುಸಿದ ಹಾಗೆ ಕಾಣುತ್ತದೆ, ಕೆಲಸ ಮಾತ್ರ ಆಗಿರುವುದಿಲ್ಲ. ಬಿಟ್ಟಾಗಲೇ ಕೆಲಸ. ಒತ್ತಿದ ಮೇಲೆ ಬೇಡವೆನಿಸಿದರೆ ಮೌಸನ್ನು ಹೊರಕ್ಕೆ ಸರಿಸಿ ಬಿಟ್ಟರಾಯಿತು, ಏನೂ ನಡೆಯುವುದಿಲ್ಲ. ಕೈಗೆ ಬಂದ ಕವಡೆಯನ್ನು ಎಸೆಯದೆ ಕೆಳಗಿಡುವ ಅವಕಾಶ. ಕುಸಿದ ನೋಟವೂ ಅಂಚಿನ ಗೆರೆಗಳ ಕಣ್ಕಟ್ಟು. ಬೆಳಕು ಎಡ ಮೇಲಿನಿಂದ ಬೀಳುತ್ತಿದೆ ಎಂದುಕೊಂಡು ಮೇಲಿನ ಮತ್ತು ಎಡದ ಅಂಚಿಗೆ ತಿಳಿ ಬಣ್ಣ, ಕೆಳಗಿನ ಮತ್ತು ಬಲದ ಅಂಚಿಗೆ ಗಾಢ ಬಣ್ಣ ಬಳಿದರೆ ಉಬ್ಬಿದ ಹಾಗೆ. ಎರಡನ್ನೂ ಅದಲು ಬದಲು ಮಾಡಿದರೆ ತಗ್ಗಿದ ಹಾಗೆ. ಇದನ್ನೆಲ್ಲ ಟಿಕೆ ತಾನೇ ನೋಡಿಕೊಳ್ಳುತ್ತದೆ. ಬರಿಯ ಚೌಕ ಬರೆದು ಅದರ ಮೇಲೆ ಕ್ಲಿಕ್ ಹಿಡಿಯಲು ಹೊರಟವರಿಗಷ್ಟೇ ಇದರ ಬೆಲೆ ತಿಳಿಯುವುದು.

ಬಟನ್ ಮೇಲೆ ಏನು ಬರೆಯಬೇಕು? ಆಪಲ್ ಕಂಪನಿ 1983ರಲ್ಲಿ ಹೊರತಂದ ಲೀಸಾ ಕಂಪ್ಯೂಟರ್ ತಯಾರಾಗುತ್ತಿದ್ದಾಗಿನ ಕತೆ ಇಲ್ಲಿ ನೆನೆಯಬೇಕಾದದ್ದು. ಒಪ್ಪಿಗೆಯ ಬಟನ್ ಮೇಲೆ ಮೊದಲು ‘ಡು ಇಟ್’ ಎಂದು ಬರೆದಿದ್ದರು. ಹೊಸಬರನ್ನು ಕೂರಿಸಿ ಪರೀಕ್ಷಿಸುವಾಗ ಕೆಲವರು ಆ ಬಟನ್ ಎದುರು ತಡವರಿಸುತ್ತಿದ್ದರು. ಒಬ್ಬರಂತೂ ಸಿಟ್ಟಿಗೆದ್ದರು. ಎರಡು ಪದಗಳ ನಡುವಿನ ಜಾಗ ಕಣ್ಣಿಗೆ ಬೀಳದೆ, ಅಕ್ಷರಗಳ ಆಕಾರವೂ ಮೋಸ ಮಾಡಿ, ಅವರು ಅದನ್ನು ‘ಡೋಲ್ಟ್’ ಎಂದು ಓದಿಕೊಂಡಿದ್ದರು. ದಡ್ಡ ಎಂದು ಅದರ ಅರ್ಥ. ಯಂತ್ರ ತನ್ನನ್ನು ಬೈಯುತ್ತಿದೆ ಎಂದುಕೊಂಡರೆ ಸಿಟ್ಟು ಬಾರದೆ ಇದ್ದೀತೆ? ಆಮೇಲೆ ಅದು ‘ಓಕೆ’ ಆಯಿತು.

ಕನ್ನಡದಲ್ಲಿ ಬರೆಯುವವರ ಕಷ್ಟ ಇನ್ನೊಂದು ಬಗೆಯದು. ‘ಕವಡೆ ಎಸೆಯಿರಿ’ ಎಂದು ಬರೆದಾಗ ಲಿನಕ್ಸ್‌ನಲ್ಲೂ ಹೆಚ್ಚು ತೊಂದರೆ ಕಾಣದೆ ಹೋಗಬಹುದು. ‘ಮತ್ತೊಮ್ಮೆ’ ಎಂದು ಬರೆದ ಕೂಡಲೇ ಬಣ್ಣ ಬಯಲು. ಲಿನಕ್ಸ್‌ನ ಟಿಕೆ 8.6ರಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುವುದಷ್ಟೇ ಗೊತ್ತು, ಕೂಡಿಸುವುದು ಗೊತ್ತಿಲ್ಲ. ಒತ್ತಕ್ಷರ ಕೆಳಗಿಳಿಯದೆ ‘ಮತ್‌ತೊಮ್‌ಮೆ’ ಎಂಬಂತೆ ಸಾಲಾಗಿ ನಿಲ್ಲುತ್ತದೆ. ಅದೇ ಪ್ರೋಗ್ರಾಮ್ ವಿಂಡೋಸ್‌ನಲ್ಲಿ ಸರಿಯಾಗಿ ಕಾಣುತ್ತದೆ. ಅಲ್ಲಿ ಅಕ್ಷರ ಕೂಡಿಸುವ ಕೆಲಸವನ್ನು ವಿಂಡೋಸ್ ತಾನೇ ವಹಿಸಿಕೊಳ್ಳುತ್ತದೆ. ಹಾಗಾಗಿ ಫಾಂಟ್ ಬದಲಿಸುತ್ತ ಕೂತರೆ ಫಲವಿಲ್ಲ. ಲಿನಕ್ಸ್‌ನಲ್ಲೇ ಕನ್ನಡ ಬೇಕೆಂದರೆ ಟಿಕೆಯಂಥವೇ ಆದ ಕ್ಯೂಟಿ ಅಥವಾ ಜಿಟಿಕೆ ಕಡೆಗೆ ಹೋಗುವುದು ಜಾಣತನ. ಕಲಿಯಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಒತ್ತಕ್ಷರ ಮಾತ್ರ ಇರಬೇಕಾದಲ್ಲಿ ಇರುತ್ತದೆ.

ಇಷ್ಟೆಲ್ಲ ಆದ ಮೇಲೆ ಬಟನ್ ಹಿಂದಿನ ಆ ನಾಲ್ಕು ಸಾಲು ಉಳಿಯಿತು. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಅಂಕಿ, ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿಕೊಂಡರೆ ಬಾರ, ಅಂದರೆ ಎಂಟು. ಅವಸರದಲ್ಲಿ ಬರೆಯುವವರು ಒಂದು, ಎರಡು, ಮೂರು, ನಾಲ್ಕು, ಎಂಟು ಎಂಬ ಪಟ್ಟಿಯಿಂದ ಒಂದನ್ನು ಎತ್ತಿ ಎಂದು ಕಂಪ್ಯೂಟರ್‌ಗೆ ಹೇಳಿಬಿಡುತ್ತಾರೆ. ಆಗ ಬಾರ ಐದಕ್ಕೊಂದು ಸಲ ಬೀಳುತ್ತದೆ. ನಾಲ್ಕು ಕವಡೆಯನ್ನೂ ಒಂದೊಂದಾಗಿ ಎಸೆದು ಎಣಿಸಿದರೆ ಲೆಕ್ಕ ಬೇರೆ. ಬೀಳಬಹುದಾದ ಹದಿನಾರು ಬಗೆಯಲ್ಲಿ ಎರಡಕ್ಕೆ ಆರು ಬಗೆ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೊಂದು, ಬಾರಕ್ಕೊಂದು. ಈ ತಪ್ಪಿಗೆ ಪೈಥಾನ್ ಕೆಂಪು ಅಕ್ಷರದಲ್ಲಿ ಏನನ್ನೂ ಹೇಳುವುದಿಲ್ಲ. ಹೇಳುವುದು ಅಜ್ಜಿಯೇ, ಮೂರನೇ ಬಾರ ಬಿದ್ದಾಗ ಹುಬ್ಬೇರಿಸಿ.

ತಿದ್ದಿದ ಮೇಲೂ ಒಂದು ಬಾಕಿ ಇದೆ. ನಿಜವಾದ ಕವಡೆ ನಾಣ್ಯದ ಹಾಗೆ ಅರ್ಧಕ್ಕರ್ಧ ಬೀಳಬೇಕೆಂದೇನಿಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸೀಳು ಬಾಯಿ. ಪೆಟ್ಟಿಗೆಯ ತಳದಲ್ಲೆಲ್ಲೋ ಹಳೆಯ ಕವಡೆ ಸಿಕ್ಕರೆ ಇನ್ನೂರು ಸಲ ಎಸೆದು, ಎಷ್ಟು ಸಲ ಬಾಯಿ ಮೇಲಾಯಿತೆಂದು ಗೀಟು ಹಾಕಿಕೊಂಡು, ಆ ಅಂಕಿಯನ್ನೇ ಪ್ರೋಗ್ರಾಮ್‌ಗೆ ಕೊಡಬಹುದು. ಹಳೆಯ ಕವಡೆ ಕೈಗೆ ಸಿಕ್ಕ ಮೇಲೂ ಬಟನ್ ಒತ್ತುತ್ತಾ ಕೂರುವವರಿದ್ದರೆ.