ಮೋಟಾರ್ ಸೈಕಲ್ಲಿಗೆ ತಕ್ಕ ಪೆಟ್ಟಿಗೆ

ಪರೀಕ್ಷೆ ಮುಗಿದ ಮರುದಿನವೇ ಚಿಕ್ಕಮಗಳೂರಿಗೋ ಕೊಡಗಿಗೋ ಮೋಟಾರ್ ಸೈಕಲ್ಲಿನ ಮೇಲೆ ಹೊರಡುವ ಉತ್ಸಾಹ ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಹೆಚ್ಚಾಗಿರುವುದು ಎಲ್ಲರೂ ಬಲ್ಲ ಸಂಗತಿ. ಹೊರಡುವ ಮುನ್ನ ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಸುತ್ತಿ ಗಟ್ಟಿ ಪೆಟ್ಟಿಗೆಯೊಂದನ್ನು ಕೊಳ್ಳುವುದೂ ವಾಡಿಕೆಯಾಗಿದೆ. ಅಲ್ಲಿ ಕೇಳಿಬರುವ ಪ್ರಶ್ನೆಗಳು ಎರಡೇ: ಎಷ್ಟು ಲೀಟರು ಹಿಡಿಯುತ್ತದೆ, ಬೆಲೆ ಎಷ್ಟು? ಇವೆರಡಕ್ಕೂ ಮೊದಲು ಕೇಳಬೇಕಾದುದು, ಈ ಭಾರ ಗಾಡಿಯ ಮೇಲೆ ಎಲ್ಲಿ ಕೂರುತ್ತದೆ ಎಂಬುದು.

ಹಿಂದೆ ಘಟ್ಟದ ದಾರಿಯಲ್ಲಿ ಉಪ್ಪು, ದವಸ ಸಾಗಿಸುತ್ತಿದ್ದವರು ಹೇರೆತ್ತಿನ ಹೊರೆಯನ್ನು ಎರಡು ಸಮಪಾಲು ಮಾಡಿ ಅದರ ಎರಡು ಪಕ್ಕೆಗೂ ಇಳಿಬಿಡುತ್ತಿದ್ದರು. ಈಗಿನ ಹಾಲಿನವರು ಬೈಕಿನ ಹಿಂಚಕ್ರದ ಅಕ್ಕಪಕ್ಕ ಕ್ಯಾನು ತೂಗುಹಾಕುವುದೂ ಅದೇ ಕ್ರಮದಲ್ಲಿ. ನನ್ನ ತಂದೆಯವರು ಶಾಲೆಯಲ್ಲಿ ಸನ್ನೆಯ ತತ್ತ್ವವನ್ನು ಓದಿದವರಲ್ಲ. ಆದರೆ ಕ್ಯಾನನ್ನು ಮೇಲೆ ಕಟ್ಟಿದರೆ ಗಾಡಿ ಮಾತು ಕೇಳುವುದಿಲ್ಲವೆಂದು ಬಲ್ಲರು. ಆಸನದ ಹಿಂದೆ ಎತ್ತರದಲ್ಲಿ ನಿಲ್ಲುವ ಒಂಟಿ ಪೆಟ್ಟಿಗೆ ಹಿಂಚಕ್ರದ ಅಚ್ಚಿನಿಂದಾಚೆಗೆ ಚಾಚಿಕೊಂಡಿರುತ್ತದೆ. ಅದರಲ್ಲಿ ತೂಕ ತುಂಬಿದಷ್ಟೂ ಮುಂಚಕ್ರ ಹಗುರವಾಗಿ, ವೇಗದಲ್ಲಿ ಹ್ಯಾಂಡಲು ಅದುರತೊಡಗುತ್ತದೆ. ಆದುದರಿಂದ ಮೇಲಿನ ಪೆಟ್ಟಿಗೆಗೆ ಮಳೆಯಂಗಿ, ಬಟ್ಟೆಗಳಷ್ಟೇ ಸಾಕು. ಸಲಕರಣೆ, ನೀರು, ಬೀಗ ಸರಪಳಿಗಳೆಲ್ಲ ಪಕ್ಕದ ಪೆಟ್ಟಿಗೆಗಳ ತಳಕ್ಕೆ ಸೇರಬೇಕು.

೨೦೨೦ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯೊಂದು ದ್ವಿಚಕ್ರದ ಹಗುರ ಪೆಟ್ಟಿಗೆಗೆ ಅಳತೆ ಗೊತ್ತುಮಾಡಿದೆ: ಉದ್ದ ೫೫೦, ಅಗಲ ೫೧೦, ಎತ್ತರ ೫೦೦ ಮಿಲಿಮೀಟರಿಗೆ ಮೀರಬಾರದು. ಹಿಂಬದಿಯ ಸವಾರನ ಜಾಗದಲ್ಲೇ ಪೆಟ್ಟಿಗೆಯಿಟ್ಟರೆ ಇನ್ನೊಬ್ಬರನ್ನು ಕೂರಿಸುವಂತಿಲ್ಲ.

ತೂಕದ ಲೆಕ್ಕವನ್ನು ಗಾಡಿಯ ಕೈಪಿಡಿಯಿಂದ ಆರಂಭಿಸಬೇಕು. ಗಾಡಿಯ ಗರಿಷ್ಠ ತೂಕದಿಂದ ಅದರ ಸ್ವಂತ ತೂಕವನ್ನು ಕಳೆದರೆ ಉಳಿಯುವುದು ೧೭೦ ಕಿಲೋ ಎಂದು ಭಾವಿಸೋಣ. ಇಬ್ಬರು ಸವಾರರಿಗೆ ೧೩೦ ಹೋಯಿತು. ಖಾಲಿ ಪೆಟ್ಟಿಗೆಗಳೂ ಅವನ್ನು ಹೊರುವ ಕಬ್ಬಿಣದ ಚೌಕಟ್ಟೂ ಸೇರಿ ೧೫ ಕಿಲೋ ತೂಗಿದರೆ, ಸಾಮಾನಿಗೆ ಉಳಿಯುವುದು ೨೫ ಮಾತ್ರ. ಲೀಟರು ಹೆಚ್ಚಿದ್ದರೆ ಲಾಭವೆನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ಖಾಲಿ ಜಾಗ ಕಂಡರೆ ತುಂಬದೆ ಬಿಡುವ ಮನುಷ್ಯನನ್ನು ನಾನಂತೂ ಕಂಡಿಲ್ಲ!

ಅಲ್ಯೂಮಿನಿಯಮ್ಮೋ ಪ್ಲಾಸ್ಟಿಕ್ಕೋ ಎಂಬ ವಾದ ಸ್ನೇಹಿತರಲ್ಲಿ ಬಹಳ ನಡೆಯುತ್ತದೆ. ಗಾಡಿ ಬಿದ್ದರೆ ಅಲ್ಯೂಮಿನಿಯಮ್ಮು ನೆಗ್ಗುತ್ತದೆ. ಯಾವ ಊರಿನ ತಗಡಿನ ಕೆಲಸದವನಾದರೂ ಬಡಿದು ಸರಿಪಡಿಸಿಯಾನು. ಆದರೆ ಒಳಗೆ ಬಳಿದಿಲ್ಲದಿದ್ದರೆ ಬಿಳಿಯ ಅಂಗಿಗೆ ಬೂದು ಮಸಿ ಹತ್ತುತ್ತದೆ. ಪ್ಲಾಸ್ಟಿಕ್ಕು ಅಗ್ಗ, ಹಗುರ. ಸಣ್ಣ ಪೆಟ್ಟನ್ನು ತಾಳಿಕೊಳ್ಳುತ್ತದೆ, ದೊಡ್ಡ ಪೆಟ್ಟಿಗೆ ಬಿರುಕುಬಿಟ್ಟರೆ ದಾರಿಯಲ್ಲಿ ದುರಸ್ತಿಯಿಲ್ಲ. ನಮ್ಮಂಥವರ ಎರಡು ದಿನದ ಪ್ರವಾಸಕ್ಕೆ ಪ್ಲಾಸ್ಟಿಕ್ಕೇ ಸಾಕೆಂದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಯಾರೂ ಹೇಳದ ಅಪಾಯವೊಂದುಂಟು. ಕೆಸರಿನಲ್ಲಿ ಗಾಡಿ ಜಾರುವಾಗ ಸವಾರ ಸಹಜವಾಗಿ ಕಾಲು ಊರುತ್ತಾನೆ. ಗಾಡಿ ಮುಂದೆ ಸರಿಯುತ್ತಿದ್ದರೆ ಗಟ್ಟಿ ಪೆಟ್ಟಿಗೆಯ ಮುಂದಿನ ಮೂಲೆ ಮೀನಖಂಡಕ್ಕೆ ಬಡಿಯುತ್ತದೆ, ಕಾಲು ಅದರಡಿಗೆ ಸಿಕ್ಕಿ ಮುರಿಯಲೂಬಹುದು. ಮಣ್ಣುದಾರಿಯನ್ನೇ ಹುಡುಕಿ ಹೋಗುವವರು ಮೆತ್ತನೆಯ ಚೀಲವನ್ನು ಆರಿಸಿಕೊಳ್ಳುವುದು ಇದಕ್ಕಾಗಿಯೇ. ಡಾಂಬರು ರಸ್ತೆಯವರು ಮೂಲೆ ದುಂಡಾಗಿರುವ, ಕಾಲಿನಿಂದ ಸಾಕಷ್ಟು ಹಿಂದೆ ನಿಲ್ಲುವ ಪೆಟ್ಟಿಗೆಯನ್ನು ನೋಡಿ ಕೊಳ್ಳಲಿ. ಸೈಲೆನ್ಸರಿನ ಕಡೆಯ ಪೆಟ್ಟಿಗೆ ಹೊರಕ್ಕೆ ಹೆಚ್ಚು ಚಾಚುವುದುಂಟು. ಅವೆನ್ಯೂ ರಸ್ತೆಯಲ್ಲಿ ನುಸುಳುವಾಗ ಹ್ಯಾಂಡಲು ದಾಟಿದ ಸಂದಿಯಲ್ಲಿ ಪೆಟ್ಟಿಗೆ ದಾಟದಿದ್ದರೆ ಪಕ್ಕದ ಆಟೋದವರಿಂದ ತಕ್ಕ ಮಾತು ಕೇಳಬೇಕಾದೀತು.

ಮುಚ್ಚಳ ಮೇಲಕ್ಕೆ ತೆರೆಯುವಂತಿದ್ದರೆ ಸಾಮಾನು ಉರುಳಿಬೀಳದು. ಆಗುಂಬೆಯ ಮಳೆಯನ್ನು ಅದರ ರಬ್ಬರು ಅಂಚೊಂದೇ ತಡೆಯುತ್ತದೆಂದು ನಂಬದೆ ಒಳಗೊಂದು ಪ್ಲಾಸ್ಟಿಕ್ ಚೀಲವಿಡುವುದು ಲೇಸು. ಚೌಕಟ್ಟಿನ ಬೋಲ್ಟುಗಳು ಎಂಜಿನಿನ ಅದುರಿಗೆ ಸಡಿಲವಾಗುವುದರಿಂದ, ನೂರು ಕಿಲೋಮೀಟರು ಹೋದಮೇಲೆ, ಎಂದರೆ ಮೈಸೂರಿನ ದಾರಿಯಲ್ಲಿ ಮಂಡ್ಯದ ಕಾಫಿಯ ಹೊತ್ತಿಗೆ, ಅವನ್ನು ಒಮ್ಮೆ ಸ್ಪ್ಯಾನರಿನಿಂದ ಬಿಗಿದು ಮುಂದುವರಿಯಬೇಕು.