ಹಳೆಯ ಒಡಲಿಗೆ ಹೊಸ ಕಣ್ಣು

ಯುದ್ಧವಿಮಾನದ ಆಯುಸ್ಸನ್ನು ಹಾರಿದ ಗಂಟೆಗಳಲ್ಲಿ ಎಣಿಸುತ್ತಾರೆ. ಪ್ರತಿ ಬಿರುಸಾದ ತಿರುವಿನಲ್ಲೂ ರೆಕ್ಕೆಯ ಬುಡದ ಲೋಹ ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹೀಗೆ ಸಾವಿರಾರು ಸಲ ಬಾಗಿದ ಲೋಹದಲ್ಲಿ ಕೂದಲೆಳೆಗಿಂತ ಸಣ್ಣ ಬಿರುಕು ಹುಟ್ಟುತ್ತದೆ. ಎಂಜಿನಿಯರುಗಳ ಮಾತಿನಲ್ಲಿ ಇದು ಲೋಹದ ದಣಿವು. ಹಳೆಯ ವಿಮಾನವನ್ನು ನವೀಕರಿಸುವುದೋ, ಆ ಹಣವನ್ನು ಹೊಸದಕ್ಕೆ ಕೂಡಿಡುವುದೋ ಎಂಬ ಲೆಕ್ಕ ಶುರುವಾಗುವುದು ಇಲ್ಲಿಂದಲೇ.

ಜಾಗ್ವಾರ್ ವಿಮಾನವನ್ನೇ ನೋಡಿ. ಬ್ರಿಟನ್ ಮತ್ತು ಫ್ರಾನ್ಸ್ ಜೊತೆಗೂಡಿ ರೂಪಿಸಿದ ಇದು 1979ರಲ್ಲಿ ಭಾರತೀಯ ವಾಯುಪಡೆಗೆ ಬಂತು. ಆಮೇಲೆ ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ ಇಲ್ಲಿಯೇ ಕಟ್ಟಿತು. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ಇದನ್ನು ಸೇವೆಯಿಂದ ಇಳಿಸಿದವು. ನಮ್ಮಲ್ಲಿ ಅದು ಹಾರುತ್ತಲೇ ಇರುವುದರ ಹಿಂದೆ ‘ಡ್ಯಾರಿನ್’ ಎಂಬ ನವೀಕರಣ ಯೋಜನೆಯ ಮೂರು ಹಂತಗಳ ದುಡಿಮೆಯಿದೆ.

ಇಂಥ ವಿಮಾನ ಹ್ಯಾಂಗರಿಗೆ ಬಂದರೆ ಮೊದಲ ಕೆಲಸ ಬಿಚ್ಚುವುದು. ಎಂಜಿನ್‌ಗಳು, ಪೈಲಟ್ ಆಸನ, ಇಂಧನದ ಪೈಪುಗಳು, ಮೈಮೇಲಿನ ಮುಚ್ಚಳಗಳು ಒಂದೊಂದಾಗಿ ಹೊರಬರುತ್ತವೆ. ಪ್ರತಿಯೊಂದಕ್ಕೂ ಗುರುತಿನ ಚೀಟಿ. ಆಮೇಲೆ ಬಿರುಕಿನ ಹುಡುಕಾಟ. ಲೋಹದ ಮೇಲೆ ಬಣ್ಣದ ದ್ರವ ಸವರಿ, ಇಂಗಲು ಬಿಟ್ಟು, ಒರೆಸಿ, ಬಿಳಿ ಪುಡಿಯ ಲೇಪ ಕೊಡುತ್ತಾರೆ. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಬಣ್ಣ ಮೇಲಕ್ಕೆ ಒಸರಿ ಗೆರೆಯಾಗಿ ಕಾಣುತ್ತದೆ. ರಿವೆಟ್ ರಂಧ್ರಗಳ ಸುತ್ತ ತುದಿಯಲ್ಲಿ ತಂತಿಸುರುಳಿ ಇರುವ ಕಡ್ಡಿ ಆಡಿಸುತ್ತಾರೆ. ಸುರುಳಿಯಿಂದ ಲೋಹದೊಳಗೆ ವಿದ್ಯುತ್ತಿನ ಸುಳಿ ಏಳುತ್ತದೆ. ಬಿರುಕು ಅದಕ್ಕೆ ಅಡ್ಡ ಬಂದರೆ ಪರದೆಯ ಮೇಲಿನ ಗೆರೆ ಜಿಗಿಯುತ್ತದೆ. ಯಾವ ಜಿಗಿತ ಬಿರುಕಿನದು, ಯಾವುದು ರಂಧ್ರದ ಅಂಚಿನದು ಎಂದು ಬೇರ್ಪಡಿಸಲು ಪಳಗಿದ ಕಣ್ಣೇ ಬೇಕು.

ಮುಂದಿನದು ತಂತಿಗಳ ಕೆಲಸ. ಹೊಸ ವೈರುಗಳನ್ನು ಉದ್ದನೆಯ ಹಲಗೆಯ ಮೇಲೆ, ವಿಮಾನದೊಳಗೆ ಅವು ಸಾಗುವ ದಾರಿಯನ್ನೇ ಗುರುತಿಸಿ, ಮೊಳೆಗಳ ನಡುವೆ ಹಾಸಿ ಕಟ್ಟುತ್ತಾರೆ. ಹೂ ಕಟ್ಟುವವರ ಬೆರಳಿನ ಚುರುಕು ಇಲ್ಲಿ ಬೇಕು. ಒಂದು ಗಂಟು ಸಡಿಲವಾದರೆ ಹಾರಾಟದ ಅದುರುವಿಕೆಗೆ ತಂತಿಯ ಹೊದಿಕೆ ಸವೆಯುತ್ತದೆ. ಹಿಂದೆ ಪ್ರತಿ ಉಪಕರಣಕ್ಕೂ ಅದರದೇ ತಂತಿಗಳಿರುತ್ತಿದ್ದವು. ಈಗ ಹಲವು ಉಪಕರಣಗಳು ಒಂದು ಜೋಡಿ ತಂತಿಯ ಮೇಲೆ ಸರದಿ ಪ್ರಕಾರ ಸಂಕೇತ ಕಳಿಸುತ್ತವೆ. ಇದು ಡೇಟಾ ಬಸ್. ಸರದಿಯನ್ನು ಮಿಷನ್ ಕಂಪ್ಯೂಟರ್ ಕಾಯುತ್ತದೆ. ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ದಶಕದಲ್ಲಿ ಹುಟ್ಟಿದ ಯಂತ್ರಗಳು ಪರಸ್ಪರ ಅರ್ಥಮಾಡಿಕೊಳ್ಳುವಂತೆ ಸಾಫ್ಟ್‌ವೇರ್ ಬರೆಯುವುದು ಇಡೀ ಕಸುಬಿನಲ್ಲೇ ಅತಿ ಕಠಿಣವಾದದ್ದು ಎಂದು ನನಗನಿಸುತ್ತದೆ.

ಡ್ಯಾರಿನ್-3 ಜಾಗ್ವಾರ್ ಮೊದಲು ಹಾರಿದ್ದು 2012ರಲ್ಲಿ. ಇಸ್ರೇಲಿನ ಎಲ್ಟಾ ರೇಡಾರ್ ಹೊತ್ತು ಹಾರಿದ್ದು 2017ರಲ್ಲಿ. ಮೂತಿಯಲ್ಲಿ ರೇಡಾರ್ ಕೂತರೆ ತೂಕ ಮುಂದಕ್ಕೆ ಸರಿಯುತ್ತದೆ. ಸಮತೂಕದ ಬಿಂದು ಮಿತಿ ಮೀರಿ ಸರಿದರೆ ವಿಮಾನದ ನಡತೆಯೇ ಬದಲಾಗುತ್ತದೆ. ಹಾಗಾಗಿ ಇಡೀ ವಿಮಾನವನ್ನು ಮತ್ತೆ ತೂಗಬೇಕು, ರೇಡಾರಿನ ಕಾವು ಆರಿಸಲು ತಂಪಿನ ವ್ಯವಸ್ಥೆಯನ್ನೂ ಹೊಂದಿಸಬೇಕು.

ಎಂಜಿನ್ ಮಾತ್ರ ಹಳೆಯ ಅಡೋರ್. ಬಿಸಿಲ ನಾಡಿನಲ್ಲಿ ಭಾರ ಹೊತ್ತಾಗ ಅದರ ಬಲ ಸಾಲದು. ಅಮೆರಿಕದ ಹನಿವೆಲ್ ಎಂಜಿನ್ ಅಳವಡಿಸುವ ಮಾತು ವರ್ಷಗಟ್ಟಲೆ ನಡೆದು, ವೆಚ್ಚ ಹೆಚ್ಚೆಂದು 2019ರ ಹೊತ್ತಿಗೆ ನಿಂತಿತು. ಎಂಜಿನ್ ಬದಲಿಸಿದರೆ ಅದನ್ನು ಕೂರಿಸುವ ಚೌಕಟ್ಟು, ಇಂಧನ ನಿಯಂತ್ರಣ ಎಲ್ಲವನ್ನೂ ಮರಳಿ ಪರೀಕ್ಷಿಸಬೇಕು. ಉಳಿದ ಆಯುಸ್ಸಿಗೆ ಅಷ್ಟು ಸುರಿಯುವುದಕ್ಕಿಂತ ಹೊಸ ವಿಮಾನಕ್ಕೆ ಕೊಡುವುದೇ ಸರಿ. ಆದರೆ 2021ರಲ್ಲಿ ಬೇಡಿಕೆ ಸಲ್ಲಿಸಿದ 83 ತೇಜಸ್ ವಿಮಾನಗಳಿಗೂ ಅಮೆರಿಕದಿಂದ ಬರಬೇಕಾದ ಎಂಜಿನ್‌ಗಳು ತಡವಾದವು. ಹೊಸವು ಬರುವವರೆಗೆ ಜಾಗ್ವಾರ್ ಹಾರಲೇಬೇಕು. ಬಿಡಿಭಾಗಕ್ಕೆಂದು ಫ್ರಾನ್ಸಿನ ನಿವೃತ್ತ ಜಾಗ್ವಾರ್‌ಗಳ ಒಡಲುಗಳನ್ನೂ ಭಾರತ ತರಿಸಿಕೊಂಡಿದೆ.